ಸಾಲಿಯ ಹೆಸರಿನಲ್ಲಿ ಹೋದ ಹೊಲ

ಬೋರ್ಡಿಂಗ್ ಅಂದರೆ ನಮ್ಮ ಮಂದಿಗೆ ಒಳ್ಳೆಯ ಮಾತು. ಬಾಬಾಸಾಹೇಬರು 1924ರಲ್ಲಿ ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಆ ಸಭೆ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, 1925ರ ಜನವರಿಯಲ್ಲಿ ನಮ್ಮ ಸೋಲಾಪುರದಲ್ಲಿ ಹೈಸ್ಕೂಲ್ ಹುಡುಗರಿಗಾಗಿ ಬೋರ್ಡಿಂಗ್ ತೆರೆದದ್ದು. ಊರ ಸಾಲಿಯಲ್ಲಿ ಕಟ್ಟೆಯ ಹೊರಗೆ ಕೂಡ್ರುತ್ತಿದ್ದ ಹುಡುಗನಿಗೆ ಎರಡು ಹೊತ್ತು ಊಟ, ಮಲಗಲಿಕ್ಕೆ ಜಾಗ, ಓದಲಿಕ್ಕೆ ದೀಪ ಅಲ್ಲಿ ಸಿಕ್ಕಿತು. ಅಕ್ಕಲಕೋಟ, ಜತ್ತ ಕಡೆಯ ನಮ್ಮ ಓಣಿಗಳಲ್ಲಿ ಮೊದಲು ನೌಕರಿ ಹಿಡಿದ ಹಿರಿಯರನ್ನು ಕೇಳಿ ನೋಡಿ, ಯಾವುದಾದರೊಂದು ಬೋರ್ಡಿಂಗಿನ ಹೆಸರು ಬಾಯಿಗೆ ಬಂದೇ ಬರುತ್ತದೆ.

ಇದೇ ಮಾತನ್ನು ಅಮೆರಿಕ, ಕೆನಡಾ ದೇಶಗಳ ಮೂಲನಿವಾಸಿಗಳ ಮುಂದೆ ಆಡಿದರೆ ಅವರ ಮನೆಯ ಮುದುಕರು ಮುಖ ತಿರುಗಿಸುತ್ತಾರೆ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸರಕಾರ ಮತ್ತು ಚರ್ಚುಗಳು ಕೂಡಿ ಮೂಲನಿವಾಸಿ ಮಕ್ಕಳನ್ನು ತಾಯಿ-ತಂದೆಯಿಂದ ಕಿತ್ತು ದೂರದ ಬೋರ್ಡಿಂಗ್ ಸಾಲಿಗಳಲ್ಲಿ ಇಟ್ಟಿದ್ದವು. ಕೆನಡಾ ಒಂದರಲ್ಲೇ 1,50,000ಕ್ಕೂ ಮಿಕ್ಕಿ ಮಕ್ಕಳು ಹೀಗೆ ಹೋದರು. ಕೂದಲು ಕತ್ತರಿಸಿದ್ದು, ತಾಯಿಯ ಭಾಷೆ ಆಡಿದರೆ ಹೊಡೆದದ್ದು, ಕ್ಷಯ ಹತ್ತಿ ಸತ್ತ ಮಕ್ಕಳನ್ನು ಸಾಲಿಯ ಹಿತ್ತಲಲ್ಲೇ ಹೂಳಿದ್ದು, ಇವೆಲ್ಲ ಈಗ ಪತ್ರಿಕೆಗಳಲ್ಲಿ ಬಂದಿವೆ. ಎಲ್ಲವೂ ಖರೆ. ಆದರೆ ಈ ಕಥೆ ಹೇಳುವಾಗ ಒಂದು ಲೆಕ್ಕ ಯಾವಾಗಲೂ ಹಿಂದೆ ಬೀಳುತ್ತದೆ, ಅದು ಹೊಲದ ಲೆಕ್ಕ. ಸಾಲಿಗೂ ಭೂಮಿಗೂ ಏನು ಸಂಬಂಧ ಅಂತ ಕೇಳಬಹುದು. ಸಾತಬಾರಾ ಉತಾರದಲ್ಲಿ ತನ್ನ ಹೆಸರು ಹುಡುಕಿ ಹುಡುಕಿ ಸೋತವರಿಗೆ ಅದು ಬೇಗ ತಿಳಿಯುತ್ತದೆ ಅನ್ನುವ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಮೂರನೆಯ ರಾಷ್ಟ್ರಾಧ್ಯಕ್ಷ ಜೆಫರ್ಸನ್ 1803ರಲ್ಲಿ ತಮ್ಮ ಸಂಸತ್ತಿಗೆ ಒಂದು ಗುಟ್ಟಿನ ಪತ್ರ ಕಳಿಸಿದರು. ಅದರ ತಾತ್ಪರ್ಯ ಇಷ್ಟು: ಬೇಟೆಯಾಡಿ ಬದುಕುವ ಈ ಮಂದಿಗೆ ಒಕ್ಕಲುತನ, ದನ ಸಾಕುವುದು, ಮನೆಗೆಲಸ ಕಲಿಸಬೇಕು. ಕಲಿತ ಮೇಲೆ ಇಷ್ಟು ದೊಡ್ಡ ಕಾಡು ತಮಗೆ ಬೇಕಿಲ್ಲ ಅಂತ ಅವರಿಗೇ ಅನ್ನಿಸುತ್ತದೆ, ಆಗ ನಮಗೆ ಬಿಟ್ಟುಕೊಡುತ್ತಾರೆ. ಮುಂದೆ 1819ರಲ್ಲಿ ಈ ಮಂದಿಯನ್ನು 'ನಾಗರಿಕ'ರನ್ನಾಗಿ ಮಾಡಲಿಕ್ಕೆ ವರ್ಷಕ್ಕೆ 10,000 ಡಾಲರ್ ಕೊಡುವ ಕಾಯ್ದೆ ಬಂತು. ಆ ರೊಕ್ಕ ಮಿಶನರಿ ಸಾಲಿಗಳಿಗೆ ಹೋಯಿತು. ಅಂದರೆ ಮೊದಲ ಸಾಲಿಯ ಕಟ್ಟಡ ಏಳುವ ಮುಂಚೆಯೇ ಅದರಿಂದ ಏನು ಗಳಿಸಬೇಕು ಅನ್ನುವುದು ಕಾಗದದ ಮೇಲೆ ಇತ್ತು. 2022ರಲ್ಲಿ ಅಮೆರಿಕ ಸರಕಾರದ ಒಳಾಡಳಿತ ಇಲಾಖೆಯೇ ತನಿಖೆ ಮಾಡಿ ವರದಿ ಕೊಟ್ಟಿತು. ಆಗ ಆ ಇಲಾಖೆಯ ಮಂತ್ರಿ ಆಗಿದ್ದವರು ಡೆಬ್ ಹಾಲಂಡ್, ಲಗುನಾ ಪೂಯೆಬ್ಲೊ ಅನ್ನುವ ಮೂಲನಿವಾಸಿ ಕುಲದ ಹೆಣ್ಣುಮಗಳು. ಮಕ್ಕಳ ಸಂಸ್ಕೃತಿ ಕಳೆಯುವುದು, ಹಿರಿಯರ ನೆಲ ಕಳೆಯುವುದು, ಇವೆರಡೂ ಜೋಡು ಗುರಿಗಳಾಗಿದ್ದವು ಅಂತ ಆ ವರದಿ ಒಪ್ಪಿತು. ಇನ್ನೊಂದು ಮಾತೂ ಅದರಲ್ಲಿದೆ. ಮೂಲನಿವಾಸಿಗಳು ಬಿಟ್ಟುಕೊಟ್ಟ ಭೂಮಿಯ ಲೆಕ್ಕದಲ್ಲಿ ಸರಕಾರ ಅವರ ಹೆಸರಿನಲ್ಲಿ ಇಟ್ಟುಕೊಂಡಿದ್ದ ಹಣವೂ ಈ ಸಾಲಿಗಳಿಗೆ ಖರ್ಚಾಗಿದೆ. ಹೊಲ ಮಾರಿದ ರೊಕ್ಕದಲ್ಲೇ ಹೊಲ ಮರೆಯುವ ಪಾಠ!

ಬಯಲು ಸೀಮೆಯ ಲಕೋಟಾ ಮಂದಿಯನ್ನೇ ತೆಗೆದುಕೊಳ್ಳಿ. ಅವರ ಬದುಕು ನಿಂತದ್ದು ಬೈಸನ್ ಅನ್ನುವ ಕಾಡುಕೋಣದ ಮೇಲೆ. ಅದರ ಮಾಂಸ ಊಟಕ್ಕೆ, ತೊಗಲು ಡೇರೆಗೆ, ಎಲುಬು ಸಾಮಾನಿಗೆ. ರೈಲು ಬಂತು, ತೊಗಲಿನ ವ್ಯಾಪಾರಿಗಳು ಬಂದೂಕು ಹಿಡಿದು ಬಂದರು. 1880ರ ದಶಕದ ನಡುವಿಗೆ ಕೋಟಿಗಟ್ಟಲೆ ಇದ್ದ ಪ್ರಾಣಿ ನೂರರ ಲೆಕ್ಕಕ್ಕೆ ಇಳಿಯಿತು. 1877ರಲ್ಲಿ ಅವರು ಪವಿತ್ರ ಅಂತ ನಂಬಿದ ಬ್ಲ್ಯಾಕ್ ಹಿಲ್ಸ್ ಗುಡ್ಡಗಳೂ ಹೋದವು, ಅಲ್ಲಿ ಬಂಗಾರ ಸಿಕ್ಕಿತ್ತು. ಇದಾಗಿ ಎರಡೇ ವರ್ಷಕ್ಕೆ, 1879ರಲ್ಲಿ, ರಿಚರ್ಡ್ ಪ್ರಾಟ್ ಅನ್ನುವ ಸೈನ್ಯಾಧಿಕಾರಿ ಮಕ್ಕಳನ್ನು ಕೇಳಿಕೊಂಡು ಅವರ ಊರಿಗೆ ಬಂದರು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ, ಹಳೆಯ ಸೈನ್ಯದ ಬರಾಕಿನಲ್ಲಿ, ಅವರು ಸಾಲಿ ತೆರೆಯುವವರಿದ್ದರು. ನಾಯಕರ ಮಕ್ಕಳನ್ನೇ ಮೊದಲು ತರಬೇಕು ಅಂತ ಮೇಲಿನವರ ಅಪ್ಪಣೆ ಇತ್ತು. ಮಕ್ಕಳು ನಮ್ಮ ಕೈಯಲ್ಲಿದ್ದರೆ ಅಪ್ಪಂದಿರು ದಂಗೆ ಏಳುವುದಿಲ್ಲ ಅನ್ನುವುದು ಲೆಕ್ಕ. ಇದಕ್ಕೆ ನಮ್ಮಲ್ಲಿ ಒತ್ತೆ ಇಡುವುದು ಅನ್ನುತ್ತಾರೆ.

ನಾಯಕ ಸ್ಪಾಟೆಡ್ ಟೇಲ್ ಮೊದಲು ಒಪ್ಪಲಿಲ್ಲ. ಆಗ ಪ್ರಾಟ್ ಹೇಳಿದ್ದನ್ನು ಅವರೇ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ನಿನಗೆ ಓದು ಬರಹ ಬಂದಿದ್ದರೆ ಒಪ್ಪಂದದ ಕಾಗದದಲ್ಲಿ ಏನಿದೆ ಅಂತ ತಿಳಿಯುತ್ತಿತ್ತು, ಬ್ಲ್ಯಾಕ್ ಹಿಲ್ಸ್ ಕಳೆದುಕೊಳ್ಳುತ್ತಿರಲಿಲ್ಲ ಅನ್ನುವ ಅರ್ಥದ ಮಾತು. ಈ ಮಾತು ಓದಿದಾಗ ನನಗೆ ಕಸಿವಿಸಿ ಆಯಿತು. ಯಾಕಂದರೆ ನಮ್ಮ ಸಭೆಗಳಲ್ಲೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೇವೆ: ಅಕ್ಷರ ಇಲ್ಲದ್ದಕ್ಕೆ ಹೆಬ್ಬೆಟ್ಟು ಒತ್ತಿದೆವು, ಹೆಬ್ಬೆಟ್ಟು ಒತ್ತಿದ್ದಕ್ಕೆ ಹೊಲ ಹೋಯಿತು. ಸ್ಪಾಟೆಡ್ ಟೇಲ್ ಕೂಡ ಅದೇ ಆಸೆಯಿಂದ ಮಕ್ಕಳನ್ನು ಕೊಟ್ಟ. ಮರುವರ್ಷ ಕಾರ್ಲೈಲ್‌ಗೆ ತಾನೇ ಹೋಗಿ ನೋಡಿದ. ಮಕ್ಕಳಿಗೆ ಸಿಪಾಯಿಗಳ ಉಡುಪು ಹಾಕಿ ಕವಾಯತು ಮಾಡಿಸುತ್ತಿದ್ದರು. ಸಿಟ್ಟಿಗೆದ್ದು ತನ್ನ ಮಕ್ಕಳನ್ನು ಕರಕೊಂಡು ಬಂದ. ಎಲ್ಲ ಅಪ್ಪಂದಿರಿಗೂ ಅಷ್ಟು ಶಕ್ತಿ ಇರಲಿಲ್ಲ. ಇತ್ತ 1889ರಲ್ಲಿ ಆ ಮಂದಿಯ ದೊಡ್ಡ ಸೀಮೆಯನ್ನು ಒಡೆದು ಸುಮಾರು 90 ಲಕ್ಷ ಎಕರೆ ಹೊರಗಿನವರಿಗೆ ತೆರೆದರು. ಕಾರ್ಲೈಲ್‌ನಲ್ಲಿ ಓದಿದ ಹುಡುಗರು ಅದನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳಬಹುದಾಗಿತ್ತು, ತಡೆಯುವಂತಿರಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 1887ರಲ್ಲಿ, ಬಂದದ್ದು ಡಾವೆಸ್ ಕಾಯ್ದೆ. ಕುಲವೆಲ್ಲ ಕೂಡಿ ಅನುಭವಿಸುತ್ತಿದ್ದ ಭೂಮಿಯನ್ನು ಸರ್ವೇ ಮಾಡಿ ತುಂಡು ಮಾಡುವುದು, ಮನೆಯ ಯಜಮಾನನಿಗೆ 160 ಎಕರೆ, ಚಿಕ್ಕ ಮಕ್ಕಳಿಗೆ 40 ಎಕರೆ ಹಂಚುವುದು, ಉಳಿದದ್ದನ್ನು 'ಹೆಚ್ಚುವರಿ' ಅಂತ ಬಿಳಿಯರಿಗೆ ಮಾರುವುದು. ಕೇಳಲಿಕ್ಕೆ ಚೆನ್ನಾಗಿದೆ. 160 ಎಕರೆ ಅಂದರೆ ನಮ್ಮ ಕಡೆಯ ದೇಸಾಯರಿಗೂ ಕಡಿಮೆ ಅಲ್ಲ. ಆದರೆ ಮಳೆ ಕಡಿಮೆ ಇರುವ, ಹುಲ್ಲುಗಾವಲಿನ ಸೀಮೆಯಲ್ಲಿ ಬೇಲಿ ಹಾಕಿದ ತುಂಡು ಏನು ಕೊಡುತ್ತದೆ? ಜತ್ತದ ಬರಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ದನ ಮೇಯಲಿಕ್ಕೆ ಗಾಯರಾಣ ಬೇಕು, ಮಳೆ ಬಂದ ಕಡೆ ಹೋಗಲಿಕ್ಕೆ ದಾರಿ ಬೇಕು. ಬೋರ್ಡಿಂಗ್ ಸಾಲಿಯ ಪಾಠವೂ ಈ ಕಾಯ್ದೆಯೂ ಒಂದೇ ಗಾಡಿಯ ಎರಡು ಗಾಲಿ. ಅಲ್ಲಿ ಮಕ್ಕಳಿಗೆ 'ನಮ್ಮದು' ಬಿಟ್ಟು 'ನನ್ನದು' ಅನ್ನಲಿಕ್ಕೆ ಕಲಿಸುತ್ತಿದ್ದರು, ಇಲ್ಲಿ ಸರ್ವೇಯವರು ಅದಕ್ಕೆ ಕಲ್ಲು ನೆಡುತ್ತಿದ್ದರು. 1891ರ ತಿದ್ದುಪಡಿಯಲ್ಲಿ, ವಯಸ್ಸಿನ ಕಾರಣಕ್ಕೆ ತಾವೇ ಉಳಲಾರದವರ ಹೊಲವನ್ನು ಲಾವಣಿಗೆ ಕೊಡಬಹುದು ಅಂತಾಯಿತು. ಸಾಲಿಯಲ್ಲಿದ್ದ ಹುಡುಗನ ಹೆಸರಿನ 40 ಎಕರೆಯೂ ಹೀಗೆ ಲಾವಣಿಗೆ ಹೋಗುವ ದಾರಿ ತೆರೆಯಿತು. ಅವನು ಅಲ್ಲಿ ಯಾರದೋ ಹೊಲದಲ್ಲಿ ಕೂರಿಗೆ ಹಿಡಿಯುವುದು ಕಲಿಯುತ್ತಿದ್ದ. 1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿ 13 ಕೋಟಿ 80 ಲಕ್ಷ ಎಕರೆ ಇತ್ತು. ಈ ಹಂಚಿಕೆ ನಿಂತ 1934ರ ಹೊತ್ತಿಗೆ 4 ಕೋಟಿ 80 ಲಕ್ಷ ಉಳಿದಿತ್ತು.

ಎಲ್ಲರೂ ಸುಮ್ಮನೆ ಕೊಡಲಿಲ್ಲ. ಅರಿಝೋನಾದ ಮರಳು ಸೀಮೆಯಲ್ಲಿ ಹೋಪಿ ಅನ್ನುವ ಮಂದಿ ಇದ್ದಾರೆ. ನೀರಾವರಿ ಇಲ್ಲದೆ, ಹಸಿ ಇರುವ ಆಳಕ್ಕೆ ಕೋಲಿನಿಂದ ತೂತು ಹೊಡೆದು ಗೋವಿನಜೋಳ ಬಿತ್ತಿ ಬೆಳೆಯುವವರು. ಅವರಲ್ಲಿ ಕುಲ ನಡೆಯುವುದು ತಾಯಿಯಿಂದ, ಹೊಲವೂ ಆ ಕುಲದ್ದೇ. 1887ರಲ್ಲಿ ಕೀಮ್ಸ್ ಕ್ಯಾನ್ಯನ್ ಅನ್ನುವಲ್ಲಿ ಸರಕಾರ ಬೋರ್ಡಿಂಗ್ ಸಾಲಿ ತೆರೆಯಿತು. ಒರೈಬಿ ಊರಿನ ಮಂದಿ ಮಕ್ಕಳನ್ನು ಕಳಿಸಲಿಲ್ಲ, ಕುದುರೆ ಸಿಪಾಯಿಗಳು ಬಂದರು. 1891ರಲ್ಲಿ ಸರ್ವೇಯವರು ಗೂಟ ನೆಟ್ಟರು, ಹೋಪಿಗಳು ಕಿತ್ತು ಒಗೆದರು. 1894ರಲ್ಲಿ ಕುಲದ ಹಿರಿಯರು ಕೂಡಿ ವಾಷಿಂಗ್ಟನ್‌ಗೆ ಅರ್ಜಿ ಬರೆಸಿದರು. ನಮ್ಮ ಹೊಲ ಹೆಣ್ಣುಮಕ್ಕಳ ಕುಲದ್ದು, ಗಾಳಿ ಮರಳು ತಂದು ಹಾಕಿದಾಗ ಹೊಲದ ಜಾಗವನ್ನೇ ಬದಲಿಸಬೇಕಾಗುತ್ತದೆ, ಅದನ್ನು ಚೌಕ ಚೌಕ ಹಂಚಿದರೆ ನಾವು ಬದುಕುವುದಿಲ್ಲ ಅನ್ನುವುದು ಅದರ ಸಾರ. ಸಹಿಯ ಜಾಗದಲ್ಲಿ ಒಂದೊಂದು ಕುಲದ ಗುರುತಿನ ಚಿತ್ರ ಬರೆದಿದ್ದರು. ಅದೇ ವರ್ಷದ ಕೊನೆಗೆ ಸೈನ್ಯ ಬಂದು 19 ಮಂದಿ ಗಂಡಸರನ್ನು ಹಿಡಿದು, ಸಮುದ್ರದ ನಡುವಿನ ಅಲ್ಕಟ್ರಾಝ್ ಜೈಲಿಗೆ ಒಯ್ದಿತು. 1895ರ ಬಹುಭಾಗ ಅವರು ಅಲ್ಲೇ ಕಳೆದರು. ಅವರ ಅಪರಾಧ: ಮಕ್ಕಳನ್ನು ಸಾಲಿಗೆ ಕಳಿಸಲಿಲ್ಲ, ಹೊಲ ಹಂಚಿಕೆಗೆ ಒಪ್ಪಲಿಲ್ಲ. ಒಂದು ಸಮಾಧಾನ ಇದೆ. ಹೋಪಿಗಳ ಹೊಲವನ್ನು ತುಂಡು ಮಾಡುವ ಕೆಲಸ ಕಡೆಗೂ ನಡೆಯಲಿಲ್ಲ.

ಸಾಲಿಗಳು ನೆಲ ಕಳೆದದ್ದಷ್ಟೇ ಅಲ್ಲ, ನೆಲದ ರೂಪವನ್ನೇ ಬದಲಿಸಿದವು. ಅದಕ್ಕೆ ಮಕ್ಕಳ ಕೈಗಳನ್ನೇ ಹಚ್ಚಿದರು. ಅರ್ಧ ದಿವಸ ಪಾಠ, ಅರ್ಧ ದಿವಸ ಹೊಲ-ದನ-ಅಡಿಗೆಯ ಕೆಲಸ ಅನ್ನುವುದು ಎರಡೂ ದೇಶಗಳಲ್ಲಿ ರೂಢಿ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ 1884ರಲ್ಲಿ ಹ್ಯಾಸ್ಕೆಲ್ ಸಾಲಿ ಶುರುವಾಯಿತು, ಮೊದಲ ದಿನ 22 ಮಕ್ಕಳು. ಸಾಲಿಯ ದಕ್ಷಿಣಕ್ಕೆ ವಾಕರೂಸಾ ಹೊಳೆಯ ತಗ್ಗಿನ ನೆಲ. ನಮ್ಮ ಕಡೆ ಜವಳು ಅನ್ನುತ್ತಾರಲ್ಲ, ಹಾಗೆ ವರ್ಷವಿಡೀ ನೀರು ನಿಲ್ಲುವ ಜಾಗ. ಅಲ್ಲಿ ಆಪು ಬೆಳೆಯುತ್ತಿತ್ತು, ದೂರ ದೇಶದ ಹಕ್ಕಿಗಳು ಇಳಿಯುತ್ತಿದ್ದವು. ಸಾಲಿಯವರ ಕಣ್ಣಿಗೆ ಅದು ಹಾಳು ಭೂಮಿ. ಹುಡುಗರ ಕೈಯಿಂದ ಕಾಲುವೆ ತೋಡಿಸಿ, ಒಡ್ಡು ಹಾಕಿಸಿ, ನೀರು ಹೊರಗೆ ಹಾಕಿಸಿ, ಒಕ್ಕಲುತನ ಕಲಿಸುವ ಹೊಲ ಮಾಡಿದರು.

ಆದರೆ ಅದೇ ಜವಳು ಮಕ್ಕಳಿಗೆ ಬೇರೆ ಏನೋ ಆಗಿತ್ತು. ಹ್ಯಾಸ್ಕೆಲ್‌ನವರು ಇವತ್ತಿಗೂ ಹೇಳುತ್ತಾರೆ, ಮೇಲ್ವಿಚಾರಕರ ಕಣ್ಣು ತಪ್ಪಿಸಿ ಮಕ್ಕಳು ಆ ಆಪಿನ ಮರೆಗೆ ಓಡಿಹೋಗುತ್ತಿದ್ದರು, ಅಲ್ಲಿ ತಮ್ಮ ಭಾಷೆ ಆಡುತ್ತಿದ್ದರು, ಹಾಡುತ್ತಿದ್ದರು. ಮಕ್ಕಳನ್ನು ನೋಡಲು ನೂರಾರು ಮೈಲು ನಡೆದು ಬಂದ ತಾಯಿ-ತಂದೆ ಅಲ್ಲೇ ಅಂಚಿನಲ್ಲಿ ಬಿಡಾರ ಹಾಕುತ್ತಿದ್ದರು. ಓಡಿಹೋಗಿ ತಿರುಗಿ ಬಾರದ ಮಕ್ಕಳಲ್ಲಿ ಕೆಲವರು ಅದೇ ಕೆಸರಿನಲ್ಲಿ ಮಲಗಿದ್ದಾರೆ ಅಂತಲೂ ನಂಬುತ್ತಾರೆ. ಸಾಲಿಯ ಸ್ಮಶಾನದಲ್ಲಿ ಗುರುತು ಇರುವ ಗೋರಿಗಳೇ 103. ಒಂದೇ ನೆಲ, ಹಗಲು ಕೂಲಿ ಮಾಡಿ ಒಣಗಿಸಬೇಕಾದದ್ದೂ ಅದೇ, ಕತ್ತಲಾದ ಮೇಲೆ ಅಡಗಿಕೊಳ್ಳಲು ಉಳಿದದ್ದೂ ಅದೇ.

ಮುಂದೆ ಸಾಲಿಯ ಒಕ್ಕಲುತನ ನಿಂತಿತು. ಸರಕಾರ ಆ ನೆಲವನ್ನು ತನಗೆ ಬೇಡದ್ದು ಅಂತ ಸಾರಿತು. ಬೇಡವಾದ ಮೇಲೆ ಮೂಲನಿವಾಸಿಗಳಿಗೆ ಮರಳಬೇಕಿತ್ತಲ್ಲವೇ? 1968ರಲ್ಲಿ 573 ಎಕರೆ ಬೇಕರ್ ಅನ್ನುವ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಯಿತು. ನಂತರ ಆ ವಿಶ್ವವಿದ್ಯಾಲಯದವರು ಹಳೆಯ ಕಾಲುವೆಗಳನ್ನು ಮುಚ್ಚಿ ನೀರು ತಿರುಗಿ ನಿಲ್ಲುವಂತೆ ಮಾಡಿದರು, ಹಕ್ಕಿಗಳು ಬಂದವು. ಅದು ಒಳ್ಳೆಯ ಕೆಲಸ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅದೇ ಜವಳಿನ ಮೇಲೆ ಹೆದ್ದಾರಿ ಬರುತ್ತದೆ ಅಂತಾದಾಗ ಹ್ಯಾಸ್ಕೆಲ್ ವಿದ್ಯಾರ್ಥಿಗಳು ಎದ್ದುನಿಂತರು. ಹ್ಯಾಸ್ಕೆಲ್ ಆ ಹೊತ್ತಿಗೆ ಮೂಲನಿವಾಸಿಗಳದೇ ವಿಶ್ವವಿದ್ಯಾಲಯ ಆಗಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಮೆರವಣಿಗೆ, ಅರ್ಜಿ, ಕೋರ್ಟು ನಡೆದವು. 2012ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. 2016ರ ನವೆಂಬರಿನಲ್ಲಿ ರಸ್ತೆ ಶುರುವಾಯಿತು. ಹಕ್ಕಿಗಳಿಗೆ ಬದಲಿ ಅಂತ ಪಕ್ಕದಲ್ಲಿ ಹೊಸ ಜವಳು ಕಟ್ಟಿಕೊಟ್ಟಿದ್ದಾರೆ. ಮಕ್ಕಳ ನೆನಪಿಗೆ ಬದಲಿ ಎಲ್ಲಿ ಕಟ್ಟುತ್ತಾರೆ ಅಂತ ಹ್ಯಾಸ್ಕೆಲ್‌ನವರ ಪ್ರಶ್ನೆ ಹಾಗೇ ಇದೆ.

ಇನ್ನು ಕೆನಡಾ. ಅಲ್ಲಿ ಸಾಲಿಯನ್ನು ಕೇಳಿದವರು ಮೂಲನಿವಾಸಿಗಳೇ, ಇದನ್ನು ಮರೆಯಬಾರದು. ಬೈಸನ್ ಮುಗಿಯುತ್ತ ಬಂದಿತ್ತು, ಹೊಸ ಕಾಲದಲ್ಲಿ ಬದುಕಲು ಮಕ್ಕಳಿಗೆ ವಿದ್ಯೆ ಬೇಕು ಅಂತ ಅವರ ನಾಯಕರಿಗೆ ಗೊತ್ತಿತ್ತು. 1874ರಲ್ಲಿ ಕಾಪೆಲ್ ಕೊಳ್ಳದಲ್ಲಿ ಆದ ನಾಲ್ಕನೆಯ ಒಪ್ಪಂದದಲ್ಲಿ ಐದು ಮಂದಿಯ ಕುಟುಂಬಕ್ಕೆ ಒಂದು ಚದರ ಮೈಲಿನಂತೆ ಮೀಸಲು ಭೂಮಿ, ಉಳುವ ಸಾಮಾನು, ದನ, ಮತ್ತು ಆ ಮೀಸಲು ಭೂಮಿಯಲ್ಲೇ ಸಾಲಿ ಅಂತ ಬರೆಯಿತು. ಕೇಳಿದ್ದು ಊರ ಸಾಲಿ, ಸಿಕ್ಕಿದ್ದು ದೂರದ ಬೋರ್ಡಿಂಗು. ಒಕ್ಕಲುತನದ ಗತಿಯೂ ಹಾಗೇ. ತಮ್ಮ ಹೊಲದಲ್ಲಿ ಗೋದಿ ಬೆಳೆದು ಬಿಳಿಯ ರೈತರ ಸಮಕ್ಕೆ ಬರತೊಡಗಿದಾಗ, 1889ರಲ್ಲಿ ಹೇಟರ್ ರೀಡ್ ಅನ್ನುವ ಅಧಿಕಾರಿ ಯಂತ್ರ ಬಳಸುವುದನ್ನೇ ತಡೆದರು. ಕುಡಗೋಲಿನಿಂದ ಕೊಯ್ಯಿರಿ, ಕೈಯಿಂದ ಬಡಿಯಿರಿ, ಕೈಯಿಂದ ಬೀಸಿರಿ. ನೆರೆಯ ಬಿಳಿಯನ ಹೊಲದಲ್ಲಿ ಯಂತ್ರ ಓಡುತ್ತಿತ್ತು. ಸಾಲಿಯಲ್ಲಿ ಅರ್ಧ ದಿವಸ ಒಕ್ಕಲುತನ ಕಲಿಸುವ ಸರಕಾರವೇ ಕಲಿತವರ ಅಪ್ಪನಿಗೆ ಒಕ್ಕಲುತನ ಮಾಡಗೊಡಲಿಲ್ಲ.

1920ರಲ್ಲಿ ಕಾಯ್ದೆ ತಿದ್ದಿ 7ರಿಂದ 15 ವರ್ಷದ ಮಕ್ಕಳು ಅಧಿಕಾರಿ ಹೇಳಿದ ಸಾಲಿಗೆ ಹೋಗಲೇಬೇಕು ಅಂತ ಮಾಡಿದರು. ಇಂಥ ಕಾಯ್ದೆ ನಮಗೆ ಹೊಸದೇನೂ ಅಲ್ಲ. ಇಲ್ಲಿ ಬ್ರಿಟಿಷರ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿಯೂ, 'ಗುನ್ಹೇಗಾರ ಜಾತಿ' ಅಂತ ಬರೆದವರ ಮಕ್ಕಳನ್ನು ತಾಯಿ-ತಂದೆಯಿಂದ ಬೇರ್ಪಡಿಸಿ ಕೈಕಸಬು, ಒಕ್ಕಲುತನದ ಸಾಲಿಗಳಲ್ಲಿ ಇಡುವ ಅಧಿಕಾರ ಇತ್ತು. ಸೋಲಾಪುರದ ಮಿಲ್ಲುಗಳಿಗೆ ಕೂಲಿ ಕೊಟ್ಟ ತಂತಿಬೇಲಿಯ ಸೆಟ್ಲಮೆಂಟ್ ಅದೇ ಕಾಯ್ದೆಯ ಕೂಸು. ಆ ಹೆಸರು ಅಲ್ಲಿ ಇನ್ನೂ ಉಳಿದಿದೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಒಂದೇ ಊರಿನಲ್ಲಿ ಬಾಬಾಸಾಹೇಬರ ಬೋರ್ಡಿಂಗೂ ಸೆಟ್ಲಮೆಂಟೂ ಇದ್ದವು ಅನ್ನುವುದನ್ನು ನಮ್ಮ ಹುಡುಗರು ತಿಳಿದುಕೊಳ್ಳಬೇಕು. ಒಂದಕ್ಕೆ ಮಕ್ಕಳು ತಾವಾಗಿ ಹೋದರು, ರಜೆಯಲ್ಲಿ ಮನೆಗೆ ಬಂದರು. ಇನ್ನೊಂದರಲ್ಲಿ ಹಾಜರಿ ಪಟ್ಟಿ ಪೊಲೀಸರದಾಗಿತ್ತು.

ಕಾಪೆಲ್ ಸೀಮೆಯ ಫೈಲ್ ಹಿಲ್ಸ್ ಗುಡ್ಡದ ಕಡೆ ಮತ್ತೆ ಬರೋಣ. ಅಲ್ಲಿ 1889ರಲ್ಲಿ ಒಂದು ಬೋರ್ಡಿಂಗ್ ಸಾಲಿ ಶುರುವಾಗಿತ್ತು. ಸರಕಾರದ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲಿ ಇಂಥ ಸಾಲಿಗಳನ್ನು ತಪಾಸಣೆ ಮಾಡಿದಾಗ, ಲೆಕ್ಕ ಕೊಟ್ಟ 15 ಸಾಲಿಗಳಲ್ಲಿ ಓದಿದ ಮಕ್ಕಳಲ್ಲಿ ನೂರಕ್ಕೆ 24 ಮಂದಿ ಸತ್ತಿದ್ದರು. ಫೈಲ್ ಹಿಲ್ಸ್‌ನಲ್ಲಿ ಓದಿ ಹೊರಬಿದ್ದವರಲ್ಲಿ ನೂರಕ್ಕೆ 69. ಇಲಾಖೆ ಅವರ ಸಲಹೆ ಕೇಳಲಿಲ್ಲ. ನೌಕರಿ ಬಿಟ್ಟ ಮೇಲೆ 1922ರಲ್ಲಿ ಅವರು ತಾವೇ ಪುಸ್ತಕ ಅಚ್ಚು ಹಾಕಿಸಿ ಇದನ್ನು ರಾಷ್ಟ್ರದ ಅಪರಾಧ ಅಂತ ಕರೆದರು.

ಆ ಸಾವುಗಳಲ್ಲಿ ಬದುಕಿ ಉಳಿದವರನ್ನು ಏನು ಮಾಡಬೇಕು? ಮನೆಗೆ ಕಳಿಸಿದರೆ ಕಲಿಸಿದ್ದೆಲ್ಲ ಮರೆತು 'ಹಳೆಯ ದಾರಿ' ಹಿಡಿಯುತ್ತಾರೆ ಅನ್ನುವ ಹೆದರಿಕೆ ಅಧಿಕಾರಿಗಳಿಗೆ. ಅಲ್ಲಿನ ಅಧಿಕಾರಿ ವಿಲಿಯಂ ಗ್ರಹಾಂ 1901ರಲ್ಲಿ ಒಂದು ಉಪಾಯ ತೆಗೆದರು. ಬೋರ್ಡಿಂಗಿನಲ್ಲಿ ಓದಿ ಮುಗಿಸಿದ ಬೇರೆ ಬೇರೆ ಊರಿನ ಹುಡುಗ-ಹುಡುಗಿಯರಿಗೆ ತಾವೇ ಮದುವೆ ಕೂಡಿಸಿ, 80 ಎಕರೆಯ ಪಟ್ಟಿ ಕೊಟ್ಟು, ಮಾದರಿ ರೈತರ ಕಾಲನಿ ಕಟ್ಟುವುದು. ಕುಣಿತ, ಹಳೆಯ ಪೂಜೆ ಬಂದ್. ಮುದುಕರು ಬಂದು ಹೋಗುವುದಕ್ಕೂ ತಡೆ. ಬೆಳೆ ಚೆನ್ನಾಗಿ ಬಂತು. ದೊಡ್ಡ ದೊಡ್ಡ ಸಾಹೇಬರು, ದೇಶದ ಗವರ್ನರ್ ಜನರಲ್ ಕೂಡ, ನೋಡಲು ಬಂದು ಹೊಗಳಿ ಹೋದರು.

ಹೊಗಳಿದವರು ಒಂದು ಕೇಳಲಿಲ್ಲ: ಈ 80 ಎಕರೆಗಳು ಎಲ್ಲಿಂದ ಬಂದವು? ಅದು ಪೀಪೀಕಿಸಿಸ್ ಅನ್ನುವ ಕ್ರೀ ಮಂದಿಯ ಮೀಸಲು ಭೂಮಿ, 1874ರ ಒಪ್ಪಂದದ ಮೇಲೆ ಬಂದದ್ದು. ಅದರ ಹೆಚ್ಚಿನ ಪಾಲನ್ನು ಪಟ್ಟಿ ಪಟ್ಟಿ ಮಾಡಿ ಕಾಲನಿಗೆ ಹಂಚಿದರು. ಮೂಲ ಕುಟುಂಬಗಳು ತಮ್ಮ ನೆಲದಲ್ಲೇ ಅಂಚಿಗೆ ಸರಿದವು. ಬಂದವರೂ ಬಡವರೇ, ತಾಯಿಯ ಮಡಿಲಿನಿಂದ ಕಿತ್ತು ತಂದ ಮಕ್ಕಳೇ. ಅವರನ್ನೂ ಇವರನ್ನೂ ಎದುರಾಬದುರಾ ನಿಲ್ಲಿಸಿ ಅಧಿಕಾರಿ ಮಾತ್ರ ಬಡ್ತಿ ಪಡೆದು ಮೇಲೆ ಹೋದರು. ಊರೊಳಗಿನ ಆ ಬಿರುಕು ಮೊಮ್ಮಕ್ಕಳ ಕಾಲದವರೆಗೂ ಬಂತು. ಯಾರು ಮೂಲದವರು, ಯಾರು ಕಾಲನಿಯವರು ಅನ್ನುವ ಜಗಳ. ಇನಾಮು-ವತನದ ಹೊಲಕ್ಕಾಗಿ ಅಣ್ಣ-ತಮ್ಮಂದಿರೇ ತಾಲೂಕು ಕಚೇರಿಯಲ್ಲಿ ಬಡಿದಾಡುವುದನ್ನು ಕಂಡ ನಮಗೆ ಇದರ ನೋವು ಗೊತ್ತು.

ಪೀಪೀಕಿಸಿಸ್ ಮಂದಿ ಬಿಡಲಿಲ್ಲ. ಸರಕಾರಿ ಕಾಗದಗಳಲ್ಲೇ ಗ್ರಹಾಂ ಬರೆದ ವರದಿ, ನಕಾಶೆ, ಪಟ್ಟಿಗಳನ್ನು ಹುಡುಕಿ ತೆಗೆದು ದಾವೆ ಹೂಡಿದರು. ಸಾಲಿ ಕಲಿಸಿದ ಇಂಗ್ಲಿಷು ಇಲ್ಲಿ ಕೆಲಸಕ್ಕೆ ಬಂತು ಅನ್ನಬಹುದು, ಕಲಿಸಿದವರು ಇದಕ್ಕಾಗಿ ಕಲಿಸಿರಲಿಲ್ಲ. ದಶಕಗಳ ಓಡಾಟದ ಮೇಲೆ ಕೆನಡಾ ಸರಕಾರ 15 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. 2022ರ ಆಗಸ್ಟಿನಲ್ಲಿ ಮಂತ್ರಿ ಬಂದು ಅವರ ನೆಲದ ಮೇಲೆ ನಿಂತು ಕ್ಷಮೆ ಕೇಳಿದರು. ಒಪ್ಪಂದದ ಇನ್ನೊಂದು ಕಲಮಿನಲ್ಲಿ 18,720 ಎಕರೆಯವರೆಗೆ ಭೂಮಿಯನ್ನು ತಮ್ಮ ಮೀಸಲಿಗೆ ಸೇರಿಸಿಕೊಳ್ಳಬಹುದು ಅಂತ ಇದೆ. ಸುಮ್ಮನೆ ಸಿಗುವುದಲ್ಲ, ಇವತ್ತು ಅದನ್ನು ಉಳುತ್ತಿರುವವರು ಮಾರಲು ಒಪ್ಪಿದರೆ, ಇವತ್ತಿನ ದರಕ್ಕೆ, ಇವರೇ ಕೊಂಡುಕೊಳ್ಳಬೇಕು.